ಜೋಳದ ಉಸಿರು

"ಮ್ಯಾಟ್ರಿಕ್ ಮುಗಿಯೂತನಾ ನಿನ್ನ ಸಾಲಿ ಬಿಡಸಂಗಿಲ್ಲ. ಲಗ್ನದ ಮಾತೂ ಎತ್ತಂಗಿಲ್ಲ," ಎಂದು ಮಾಳಿಂಗಪ್ಪ ಮಗಳು ರೇವವ್ವನಿಗೆ ಮಾತು ಕೊಟ್ಟದ್ದು ಅವಳ ತಾಯಿ ತೀರಿಕೊಂಡ ವರ್ಷ. ಆಗ ಅವಳು ಮೂರನೇ ಇಯತ್ತೆಯಲ್ಲಿದ್ದಳು. ತಾಯಿಯಿಲ್ಲದ ಹುಡುಗಿ ಮನೆಗೆಲಸಕ್ಕಾದರೂ ಆಗಲಿ, ಸಾಲಿ ಯಾಕೆ ಎಂದು ನೆಂಟರು ಆಡಿದ್ದನ್ನು ಕೇಳಿಸಿಕೊಂಡು ಕುರಿಹಟ್ಟಿಯ ಹಿಂದೆ ಕೂತು ಅಳುತ್ತಿದ್ದಳು. ಮಾಳಿಂಗಪ್ಪ ಒಳಗೆ ಹೋಗಿ, ಜಗಲಿಯ ಮೇಲಿದ್ದ ಬೀರಪ್ಪನ ಭಂಡಾರ ತಂದ. ಆ ಅರಿಸಿನಪುಡಿಯನ್ನು ಅವಳ ಹಣೆಗೆ ಹಚ್ಚಿ, ತನ್ನ ಹಣೆಗೂ ಹಚ್ಚಿಕೊಂಡು ಆ ಮಾತು ಆಡಿದ. ಅವರ ಮನೆತನದಲ್ಲಿ ಭಂಡಾರ ಮುಟ್ಟಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರು ಇರಲಿಲ್ಲ.

ಆ ಮಾತು ನಡೆದುಕೊಂಡೂ ಬಂದಿತ್ತು. ಹೊಲ, ಕುರಿ, ಮುದಿ ತಾಯಿ, ಎಲ್ಲದರ ನಡುವೆ ಮಾಳಿಂಗಪ್ಪ ಬೆಳಗಿನ ಚುಕ್ಕಿ ಕಾಣುವಾಗ ಎದ್ದು ಮಗಳ ಜಡೆ ತಾನೇ ಹೆಣೆಯುತ್ತಿದ್ದ. ಒಂದು ಜಡೆ ದಪ್ಪ, ಒಂದು ತೆಳ್ಳಗೆ ಆಗುತ್ತಿತ್ತು. ತಮ್ಮ ಸೋಮನಿಂಗನಿಗೆ ಮದುವೆಯಾಗಿ ಸಾತವ್ವ ಮನೆಗೆ ಬಂದ ಮೇಲೆ ಜಡೆಗಳು ಸಮನಾದವು. ಇಂದಿರಾ ಬಾಯಿಯ ಎಮರ್ಜೆನ್ಸಿ ಇದ್ದ ಆ ವರ್ಷ, ಎಪ್ಪತ್ತಾರರಲ್ಲಿ, ರೇವವ್ವ ಹತ್ತನೇ ಇಯತ್ತೆಗೆ ಬಂದಳು. ಊರಿಂದ ನಾಲತವಾಡದ ಹೈಸ್ಕೂಲಿಗೆ ದಿನಾ ನಡೆದು ಹೋಗುತ್ತಿದ್ದಳು. ಅಲ್ಲಿ ವಿಜ್ಞಾನ ಕಲಿಸುವವರು ನಜಮಾ ಅಕ್ಕೋರು. ಅವರು ವರ್ಗದಲ್ಲಿ ಏನು ಮಾಡಿ ತೋರಿಸಿದರೂ ರೇವವ್ವ ಅದನ್ನು ಮನೆಯಲ್ಲಿ ಮಾಡದೆ ಬಿಡುತ್ತಿರಲಿಲ್ಲ.

ಒಂದು ಸಂಜೆ ಅವಳು ಅಜ್ಜಿ ಶೇವಂತೆವ್ವನ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ನೀರಿಗೆ ಹಾಕಿ ಕದಡಿದಳು. ಅದು ತಳ ಹಿಡಿದ ಮೇಲೆ ತಿಳಿನೀರನ್ನು ಗ್ಲಾಸಿಗೆ ಬಸಿದಳು. ಔಡಲ ಎಲೆಯ ಟೊಳ್ಳು ದೇಟನ್ನು ಅದರಲ್ಲಿ ಅದ್ದಿ ಸೋಮನಿಂಗನ ಬಾಯಿಗೆ ಹಿಡಿದಳು.

"ಕಾಕಾ, ಊದು."

"ಊದಿದ್ರ ಏನ ಕೊಡ್ತಿ?"

"ಮೊದಲ ಊದಂತೇನಿ."

ಸೋಮನಿಂಗ ಗಲ್ಲ ಉಬ್ಬಿಸಿ ಊದಿದ. ನೀರು ಗುಳುಗುಳು ಎಂದಿತು. ನೋಡನೋಡುತ್ತ ತಿಳಿನೀರು ಬೆಳ್ಳಗಾಯಿತು.

"ಎಲಾ ಇದರ! ನನ್ನ ಉಸಿರಿನ್ಯಾಗ ಹಾಲ ಐತಲ್ಲಬೇ! ನಾಳಿಂದ ಎಮ್ಮಿ ಮಾರಿಬಿಡೂಣು."

"ಮಾರ್ರಿ, ಮಾರ್ರಿ. ದಿನಾ ಮುಂಜಾನಿ ನಿಮಗ ಹಿಂಡಿ ಹಾಕಿ ಕಟ್ಟತೇನಿ," ಎಂದು ಒಲೆಯ ಮುಂದಿದ್ದ ಸಾತವ್ವ ಸೆರಗಿನೊಳಗೆ ನಕ್ಕಳು.

ರೇವವ್ವನಿಗೆ ನಗುವ ಪುರುಸೊತ್ತು ಇರಲಿಲ್ಲ. "ಹಾಲಲ್ಲ ಕಾಕಾ. ನಾವು ಉಸಿರ ಬಿಟ್ಟಾಗ ಒಂದ ನಮೂನಿ ಗಾಳಿ ಹೊರಗ ಬರತೈತಿ. ಅದು ಸುಣ್ಣದ ನೀರ ಬೆಳ್ಳಗ ಮಾಡತೈತಿ. ಆ ಗಾಳಿ ತುಂಬಿದಲ್ಲಿ ದೀಪ ಉರಿಯಂಗಿಲ್ಲ. ನೀವು ಜ್ವಾಳದ ಹಗೆಯೊಳಗ ಕಂದೀಲ ಬಿಟ್ಟಾಗ ಆರತೈತಲ್ಲ, ಅದಽ ಗಾಳಿ."

"ಅದು ಹಗೆ ಕಾಯೂ ಹಗೆವ್ವನ ಉಸಿರು," ಎಂದಳು ಶೇವಂತೆವ್ವ. "ಆಕಿ ಸಿಟ್ಟಿಲೆ ಇದ್ರ ದೀಪ ಆರಸ್ತಾಳ. ನಮ್ಮತ್ತಿ ಹೇಳಿದ್ದು."

"ಹಗೆವ್ವ ಗಿಗೆವ್ವ ಯಾರೂ ಇಲ್ಲ ಆಯಿ. ಉಸಿರ ಬಿಡೂದು ಜ್ವಾಳ. ಅಕ್ಕೋರು ಹೇಳ್ಯಾರ, ಕಾಳು ಸತ್ತಿರೂದಿಲ್ಲ, ಮಲಗಿರತೈತಿ ಅಂತ. ಮಲಗಿದಾವ್ರು ಉಸಿರಾಡೂದಿಲ್ಲೇನು?"

"ಜ್ವಾಳಕ್ಕ ಮೂಗ ಎಲ್ಲೈತಿ ತೋರಸು, ಮೂಗುತಿ ಮಾಡಸ್ತೇನಿ," ಎಂದ ಸೋಮನಿಂಗ. ಮಗ್ಗುಲ ಮನೆಯವರಿಗೂ ಕೇಳುವಂತೆ ಎಲ್ಲರೂ ನಕ್ಕರು. ರೇವವ್ವ ಅಪ್ಪನ ಕಡೆ ತಿರುಗಿ, "ನೀನರ ಕೇಳಪಾ, ಅಕ್ಕೋರು ಇನ್ನೂ ಹೇಳ್ಯಾರ, ದೀಪಕ್ಕ ಯಾಕ..." ಎಂದು ಶುರು ಮಾಡಿದಳು. ಮಾಳಿಂಗಪ್ಪ ಅಂದು ಹಗಲೆಲ್ಲ ಹೊಲ ಹರಗಿ ಬಂದು ಕಂಬಳಿಯ ಮೇಲೆ ಕಾಲು ಚಾಚಿದ್ದ. "ಹೂಂ, ಹೇಳವ್ವ," ಎಂದ. ಅವಳು ಹೇಳಿ ಮುಗಿಸುವ ಮೊದಲೇ ಅವನಿಗೆ ನಿದ್ದೆ ಹತ್ತಿತು. ಆ ಸಂಜೆ ಇನ್ನು ಸ್ವಲ್ಪ ಹೊತ್ತು ಕಣ್ಣು ತೆರೆದಿದ್ದರೆ ಎಂದು ಅವನು ಆಮೇಲೆ ಹೊಲದಲ್ಲಿ, ಹಾದಿಯಲ್ಲಿ, ಉಣ್ಣುವಾಗ ನೆನೆದದ್ದಕ್ಕೆ ಲೆಕ್ಕವಿಲ್ಲ.

ಆ ಕಡೆ ಜೋಳವನ್ನು ಹಗೆಯಲ್ಲಿ ಇಡುತ್ತಾರೆ. ಆಳುದ್ದಕ್ಕಿಂತ ಆಳದ ನೆಲಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಸುತ್ತ ಜೋಳದ ಕಣಿಕೆ ಹೊದಿಸಿ, ಕಾಳು ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ತೆಗೆಯುವಾಗ ಕಲ್ಲು ಸರಿಸಿ, ಅರಿಸಿನ ಕುಂಕುಮ ಹಾಕಿ, ಒಂದು ರಾತ್ರಿ ಹಾಗೇ ಬಿಡಬೇಕು. ಮರುದಿನ ಕಂದೀಲು ಹೊತ್ತಿಸಿ ಹಗ್ಗಕ್ಕೆ ಕಟ್ಟಿ ಒಳಗೆ ಇಳಿಸಬೇಕು. ಆರಿದರೆ ಇಳಿಯಬಾರದು, ಉರಿದರೆ ಇಳಿಯಬಹುದು. ಮಾಳಿಂಗಪ್ಪನ ಅಪ್ಪ ಅವನಿಗೆ ಕಲಿಸಿದ್ದು ಇಷ್ಟೇ. ಅವನ ಅಪ್ಪನಿಗೂ ಇಷ್ಟೇ ಗೊತ್ತಿತ್ತು.

ಆ ವರ್ಷ ಹಿಂಗಾರಿ ಮಳೆ ಜೋರಾಗಿ ಹಿಡಿಯಿತು. ಹಗೆಯ ಬಾಯಿಯ ಸುತ್ತ ನೀರು ನಿಂತಿತ್ತು. ಒಳಗೆ ಇಂಗಿದ್ದರೆ ಕಾಳು ಕೆಟ್ಟೀತು, ತೆಗೆದು ಮುದ್ದೇಬಿಹಾಳದ ಪೇಟೆಗೆ ಹಾಕಿಬಿಡೋಣ ಎಂದು ಅಣ್ಣತಮ್ಮಂದಿರು ಮಾತಾಡಿಕೊಂಡರು. ಅದೇ ವಾರ ಮುದ್ದೇಬಿಹಾಳದ ಸಂತೆಯಲ್ಲಿ ಮಾಳಿಂಗಪ್ಪ ಮೂರು ಸೆಲ್ಲಿನ ಬ್ಯಾಟ್ರಿ ಕೊಂಡು ತಂದಿದ್ದ. ಹಟ್ಟಿಯ ಸುತ್ತ ತೋಳ ಸುಳಿಯುತ್ತಿತ್ತು, ಕಂದೀಲಿನ ಬೆಳಕು ಬೇಲಿಯಾಚೆ ಬೀಳುತ್ತಿರಲಿಲ್ಲ. ಬ್ಯಾಟ್ರಿಯ ಬೆಳಕು ಹೊಲದ ಆಚೆಯ ಜಾಲಿಗಿಡಕ್ಕೆ ಹೋಗಿ ಬಡಿಯಿತು. ಸೋಮನಿಂಗ ಅದನ್ನು ಗದ್ದದ ಕೆಳಗೆ ಹಿಡಿದುಕೊಂಡು ತನ್ನ ಸಣ್ಣ ಮಕ್ಕಳನ್ನು ಹೆದರಿಸಿ, ತಾಯಿಯಿಂದ ಬೈಸಿಕೊಂಡ.

ಸೀಗಿ ಹುಣ್ಣಿಮೆ ಕಳೆದ ಮೇಲೆ ಒಂದು ಮುಂಜಾನೆ ಹಗೆಯ ಕಲ್ಲು ಸರಿಸಿದರು. ಹುಳಿಹುಳಿ ವಾಸನೆಯ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಒಂದು ರಾತ್ರಿ ಬಿಡಬೇಕಿತ್ತು. ಆದರೆ ಮಧ್ಯಾಹ್ನ ನಾಲತವಾಡದಿಂದ ಪೇಟೆಗೆ ಲಾರಿ ಹೊರಡುವುದಿತ್ತು. ಅದು ತಪ್ಪಿದರೆ ಮತ್ತೆ ಯಾವಾಗಲೋ. ಒಂದಷ್ಟು ಹೊತ್ತು ಕೂತು, ಕಂದೀಲು ಹೊತ್ತಿಸಲು ನೋಡಿದರು. ಬಯಲಗಾಳಿ ಬೀಸುತ್ತಿತ್ತು. ಸೋಮನಿಂಗ ಕಂಬಳಿ ಮರೆ ಹಿಡಿದ, ಮಾಳಿಂಗಪ್ಪ ಕಡ್ಡಿ ಗೀರಿದ. ಕಡ್ಡಿ ಮೇಲೆ ಕಡ್ಡಿ ಆರಿತು.

"ಬಿಡಣ್ಣಾ, ಪೆಟ್ಟಿಗಿನ ಮುಗೀತು."

"ಬ್ಯಾಟ್ರಿ ಐತಲ್ಲೋ," ಎಂದ ಮಾಳಿಂಗಪ್ಪ. "ಕಂದೀಲಕ್ಕಿಂತ ಚಲೋ ಬೆಳಕು. ಅದನ್ನಽ ಬಿಟ್ಟ ನೋಡೂಣು."

ತಾನೇ ಅದನ್ನು ಹಗ್ಗಕ್ಕೆ ಕಟ್ಟಿದ, ತಾನೇ ಇಳಿಸಿದ. ಇಬ್ಬರೂ ಬಾಯಿಯ ಮೇಲೆ ಬಗ್ಗಿದರು. ಕೆಳಗೆ ಜೋಳ ಮುತ್ತಿನ ಹಾಗೆ ಹೊಳೆಯಿತು. ಬಹಳ ಹೊತ್ತು ಕಾದರು. ಬ್ಯಾಟ್ರಿ ಒಂದಿಷ್ಟೂ ಮಿಣುಕಲಿಲ್ಲ.

"ಹಗಲಾದಂಗ ಆಗೇತಿ ನೋಡಣ್ಣಾ. ಹಗೆವ್ವ ಇವತ್ತ ಖುಷಿಯೊಳಗ ಅದಾಳ."

"ಇಳಿ ಹಂಗಾರ," ಎಂದು ಮಾಳಿಂಗಪ್ಪ ಬ್ಯಾಟ್ರಿಯನ್ನು ಮೇಲಕ್ಕೆ ಎಳೆದುಕೊಂಡ.

ಸಾಲಿಗೆ ಸೂಟಿಯಿತ್ತು. ರೇವವ್ವ ಬುತ್ತಿ ಹೊತ್ತುಕೊಂಡು ಬಂದಾಗ ಸೋಮನಿಂಗ ಗೋಡೆಯ ಕುಳಿಗಳಲ್ಲಿ ಕಾಲಿಟ್ಟು ಅರ್ಧ ಇಳಿದಿದ್ದ. ಅವಳು ಚಪ್ಪಲಿ ಕಾಲಲ್ಲೇ ಬಾಯಿಯ ಹತ್ತಿರ ಬಂದು ಬಗ್ಗಿದಳು. ಹಗೆಯ ಬಾಯಿಗೆ ಯಾರೂ ಚಪ್ಪಲಿ ಮೆಟ್ಟಿ ಹೋಗುತ್ತಿರಲಿಲ್ಲ. ಅವಳಿಗೆ ಆ ಹೊತ್ತಿಗೆ ನೆನಪಾಗಲಿಲ್ಲ.

"ಕಾಕಾ, ರೊಟ್ಟಿ ತಂದೀನಿ."

"ಶೇಂಗಾ ಹಿಂಡಿ ತಂದಿಯಿಲ್ಲ? ಇಲ್ಲಂದ್ರ ನಿನ್ನ..."

ಮಾತು ಅಲ್ಲಿಗೇ ನಿಂತಿತು. ಕಾಳಿನ ಮೇಲೆ ಕಾಲಿಟ್ಟವನು ಏನೋ ಹುಡುಕುವವನಂತೆ ಬಗ್ಗಿ, ಹಾಗೇ ಮಗ್ಗುಲಾದ. ಮಾಳಿಂಗಪ್ಪ "ಸೋಮಾ!" ಎಂದು ಕೂಗಿ ಕಾಲು ಒಳಗಿಟ್ಟ. ರೇವವ್ವ ಬುತ್ತಿ ಒಗೆದು ಅವನ ಧೋತರವನ್ನು ಎರಡೂ ಕೈಯಿಂದ ಹಿಡಿದು ಕಿರುಚಿದಳು. "ಬ್ಯಾಡಪಾ! ನೀ ಇಳಿಬ್ಯಾಡ! ಗಾಳಿ ಐತಿ ಒಳಗ!" ಮಂದಿ ಬಂದು ಅವನನ್ನು ಎಳೆಯುವವರೆಗೂ ಅವಳು ಕೈ ಬಿಡಲಿಲ್ಲ.

ಮಂದಿ ಕಂಬಳಿ ಬೀಸಿದರು, ನೀರು ಎರಚಿದರು. ಅಲ್ಲೇ ಬಿದ್ದಿದ್ದ ಕಂದೀಲನ್ನು ಯಾರೋ ಕಂಬಳಿಯೊಳಗೆ ಕೂತು ಹೊತ್ತಿಸಿ ಇಳಿಸಿದರು. ಅದು ಬಾಯಿ ದಾಟಿ ಮೊಳದಷ್ಟು ಕೆಳಗೆ ಹೋಗುತ್ತಲೇ ಆರಿತು. ಕೊನೆಗೆ ಬಾವಿಯ ಪಾತಾಳಗರಡಿ ತಂದು, ಅದರ ಕೊಕ್ಕೆಗೆ ಸೋಮನಿಂಗನ ಉಡದಾರ, ಬಟ್ಟೆ ಸಿಕ್ಕಿಸಿ ಮೇಲೆ ಎಳೆದರು. ಎಳೆದಾಗ ಅವನಲ್ಲಿ ಏನೂ ಉಳಿದಿರಲಿಲ್ಲ.

"ದೀಪ ಇಳಿಸಿ ನೋಡಿರಿಲ್ಲೋ?" ಎಂದು ಹಿರಿಯರು ಕೇಳಿದರು.

"ನೋಡಿದ್ವಿ," ಎಂದ ಮಾಳಿಂಗಪ್ಪ. "ಆರಲಿಲ್ಲ."

ಅವನು ಸುಳ್ಳು ಹೇಳಲಿಲ್ಲ. ಬ್ಯಾಟ್ರಿಯಾದರೇನು, ಕಂದೀಲಾದರೇನು ಎಂದೇ ಆಗ ಅವನು ತಿಳಿದಿದ್ದ. ಬ್ಯಾಟ್ರಿ ಅವನ ಕಂಬಳಿಯ ಕೊಪ್ಪೆಯೊಳಗೆ ಇತ್ತು, ಇನ್ನೂ ಉರಿಯುತ್ತಿತ್ತು. ಆದರೆ ಮಂದಿ ಅವನ ಮಾತಿನಿಂದ ಬೇರೆ ಲೆಕ್ಕ ಹಾಕಿದರು. ಮೊದಲು ಆರದ ದೀಪ ಆಮೇಲೆ ಯಾಕೆ ಆರಿತು? ನಡುವೆ ಬಂದವಳು ರೇವವ್ವ, ಅದೂ ಚಪ್ಪಲಿ ಮೆಟ್ಟಿ. ಹಗೆವ್ವ ಇಲ್ಲವೇ ಇಲ್ಲ ಎಂದು ಅವಳು ಅಂದದ್ದನ್ನು ಮಗ್ಗುಲ ಮನೆಯವರು ಕೇಳಿದ್ದರು. ಮಣ್ಣು ಮುಗಿಸಿ ಬರುವಷ್ಟರಲ್ಲಿ ಊರಿಗೆಲ್ಲ ಕಾರಣ ಸಿಕ್ಕಿತ್ತು.

ಸಾತವ್ವ ರೇವವ್ವ ತಂದಿಟ್ಟ ನೀರು ಕುಡಿಯಲಿಲ್ಲ. ಸಣ್ಣ ಮಕ್ಕಳನ್ನು ಅವಳ ಮಗ್ಗುಲಿಂದ ಎತ್ತಿ ತನ್ನ ಕಡೆಗೆ ಮಲಗಿಸಿಕೊಂಡಳು. ಶೇವಂತೆವ್ವ ಮೊಮ್ಮಗಳನ್ನು ನೋಡಿದಾಗೆಲ್ಲ, "ಅಷ್ಟ ಬಾಯಿ ಯಾಕ ಬೇಕಿತ್ತ ನಿನಗ," ಎಂದು ಹಣೆ ಬಡಿದುಕೊಳ್ಳುತ್ತಿದ್ದಳು.

ಒಂದು ದಿನ ರೇವವ್ವ ಕುರಿಹಟ್ಟಿಗೆ ಬಂದಳು. ಮಾಳಿಂಗಪ್ಪ ಮರಿಗಳಿಗೆ ತೊಪ್ಪಲು ಕಟ್ಟುತ್ತಿದ್ದ.

"ಅಪ್ಪಾ, ಅವತ್ತ ಕಂದೀಲ ಖರೇನ ಆರಲಿಲ್ಲೇನು?"

"ಕಂದೀಲ ಎಲ್ಲಿ ಹತ್ತಿತವ್ವಾ ಆ ಗಾಳ್ಯಾಗ? ಬ್ಯಾಟ್ರಿ ಬಿಟ್ವಿ."

ಅವಳು ಅವನ ಮುಖವನ್ನೇ ನೋಡಿದಳು.

ಸಾಲಿ ಶುರುವಾದ ಮೇಲೆ ನಜಮಾ ಅಕ್ಕೋರನ್ನು ಕೇಳಿ ಬಂದಳು. ಮನೆಯಲ್ಲಿ ಮಡಿಕಿಕಾಳು ನೆನೆಹಾಕಿ, ಮೊಳಕೆ ಬಂದದ್ದನ್ನು ತಾಮ್ರದ ಕೊಡಕ್ಕೆ ಹಾಕಿ, ಬಾಯಿಗೆ ತಟ್ಟೆ ಮುಚ್ಚಿ ಸುತ್ತ ಹಿಟ್ಟು ಮೆತ್ತಿದಳು. ಒಂದು ದಿನ ಹಾಗೇ ಬಿಟ್ಟು, ಮರುದಿನ ಎಲ್ಲರೂ ಹೊರಗೆ ಹೋದಾಗ ಅಪ್ಪನನ್ನು ಅಡುಗೆಮನೆಗೆ ಕರೆದಳು. ತಂತಿಯ ತುದಿಗೆ ಎಣ್ಣೆಬತ್ತಿ ಕಟ್ಟಿ ಹೊತ್ತಿಸಿದಳು.

"ಇಲ್ಲಿ ಬೀಸೂ ಗಾಳಿ ಇಲ್ಲ ಅಲ್ಲೇನಪಾ? ನೋಡು."

ತಟ್ಟೆ ಸರಿಸಿ ಬತ್ತಿಯನ್ನು ಕೊಡದೊಳಗೆ ಇಳಿಸಿದಳು. ಯಾರೋ ಊದಿದ ಹಾಗೆ ಅದು ಆರಿತು. ಮತ್ತೆ ಹೊತ್ತಿಸಿ ಇಳಿಸಿದಳು. ಮತ್ತೆ ಆರಿತು. ಮಾಳಿಂಗಪ್ಪ ಕೊಡದೊಳಗೆ ಇಣುಕಿದ. ಮೊಳಕೆಕಾಳು ಬಿಟ್ಟರೆ ಏನೂ ಇರಲಿಲ್ಲ.

"ಕಾಳು ಉಸಿರ ಬಿಟ್ಟೈತಿ. ಹಸಿ ಆದ್ರ ಇನ್ನೂ ಜೋರ ಬಿಡತೈತಿ. ಆ ಗಾಳಿ ನಮ್ಮ ಗಾಳಿಗಿಂತ ಭಾರ, ನೀರ ನಿಂತಂಗ ತಳದಾಗ ನಿಂದರತೈತಿ. ದೀಪಕ್ಕ ನಮ್ಮಂಗ ಚಲೋ ಗಾಳಿ ಬೇಕು. ಅದು ಸಿಗದಿದ್ರ ಆರತೈತಿ. ನಾವೂ ಅಷ್ಟಽ."

ಆಮೇಲೆ ಮೊಳೆಯ ಮೇಲಿದ್ದ ಬ್ಯಾಟ್ರಿ ತೆಗೆದು, ಒತ್ತಿ, ದಾರದಿಂದ ಕೊಡದೊಳಗೆ ಬಿಟ್ಟಳು. ಕೊಡದ ಹೊಟ್ಟೆ ಒಳಗಿಂದ ಕೆಂಪಗೆ ಬೆಳಗಿತು. ಅವಳು ಸುಮ್ಮನೆ ಹಿಡಿದುಕೊಂಡು ಕೂತಳು. ಅದು ಉರಿಯುತ್ತಲೇ ಇತ್ತು.

"ಬ್ಯಾಟ್ರಿಗೆ ಗಾಳಿ ಬ್ಯಾಡಪಾ."

ಮಾಳಿಂಗಪ್ಪನಿಗೆ ಇದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಒಲೆಯ ಕಟ್ಟೆಗೆ ಬೆನ್ನು ಹಚ್ಚಿ ಕುಸಿದ.

"ಅಂದ್ರ ಆ ಕಂದೀಲ ಹತ್ತಿಸಿ ಬಿಟ್ಟಿದ್ರ..."

"ಆರತಿತ್ತು."

"ನಾ ಇಳಿ ಅಂತಿದ್ದಿಲ್ಲ."

ರೇವವ್ವ ಬ್ಯಾಟ್ರಿ ಆರಿಸಿ ಮೊಳೆಗೆ ಹಾಕಿ ಬಂದು ಅವನ ಎದುರು ಕೂತಳು. "ಧೂಳಪ್ಪಜ್ಜ ಬರಾವದಾನಂತ ಅಪ್ಪಾ, ನನ್ನ ಸಾಲಿ ಬಿಡಸ್ರಿ ಅನ್ನಾಕ. ಹಿರಿಯರ ಮುಂದ ಇದನ್ನ ನೀನಽ ಹೇಳು. ನಾ ಹೇಳಿದ್ರ ಯಾರೂ ಕೇಳಂಗಿಲ್ಲ. ಬೇಕಾದ್ರ ಕೊಡ ತರ್ತೇನಿ, ಎಲ್ಲಾರ ಮುಂದ ಮಾಡಿ ತೋರಸ್ತೇನಿ."

"ಹೂಂ," ಎಂದ ಮಾಳಿಂಗಪ್ಪ.

ಧೂಳಪ್ಪ ಸಾತವ್ವನ ಅಪ್ಪ, ಬಸವನ ಬಾಗೇವಾಡಿ ಕಡೆಯವನು. ಬೆಳ್ಳಗಿನ ಪಟಕ ಸುತ್ತಿ ಬಂದು ಪಡಸಾಲೆಯಲ್ಲಿ ಹಿರಿಯರೊಡನೆ ಕೂತ. ಕೆಟ್ಟ ಮನುಷ್ಯನಲ್ಲ. ಮಗಳ ಬಳೆಯಿಲ್ಲದ ಕೈ ನೋಡಿ ಪಟಕದ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದ.

ಅದೇ ಮುಂಜಾನೆ ಸಾತವ್ವ ಎಂದಿನಂತೆ ಮೊದಲ ರೊಟ್ಟಿ ಮಾಳಿಂಗಪ್ಪನ ತಾಟಿಗೆ ಹಾಕಿದ್ದಳು. "ಭಾವಾರ, ನೀವರ ಉಳಿದ್ರಿ. ಈ ಕೂಸುಗಳಿಗೆ ಇನ್ನ ನೀವಽ ಅಪ್ಪ," ಎಂದಿದ್ದಳು. ಅವಳು ಈಗ ಬಾಗಿಲ ಮಗ್ಗುಲಲ್ಲಿ ಮುಸುಕು ಎಳೆದುಕೊಂಡು ಕೂತಿದ್ದಳು, ಸಣ್ಣವನು ತೊಡೆಯ ಮೇಲೆ ನಿದ್ದೆ ಹೋಗಿದ್ದ. ಅವಳ ಹಿಂದೆ ಕತ್ತಲಲ್ಲಿ ರೇವವ್ವ ನಿಂತಿದ್ದಳು. ಕೊಡ ಅವಳ ಕಾಲ ಹತ್ತಿರ ಇತ್ತು, ಬಾಯಿಗೆ ಹಿಟ್ಟು ಮೆತ್ತಿತ್ತು.

"ಆದದ್ದು ಆಗಿ ಹೋತು," ಎಂದ ಧೂಳಪ್ಪ. "ಹುಡುಗಿ ಬೇಕಂತ ಮಾಡಿಲ್ಲ, ಗೊತ್ತೈತಿ. ಆದ್ರ ಸಾಲಿ ಕಲತು ದೇವರಿಲ್ಲ ದಿಂಡ್ರಿಲ್ಲ ಅಂತ ತಿರಗಿದ್ರ ಇನ್ನ ಏನೇನ ಆಗತೈತೋ. ನನ್ನ ಮಗಳು ಇದಽ ಮನ್ಯಾಗ ಬಾಳೇವು ಮಾಡಬೇಕು. ದಿನಾ ಇಕಿ ಮಾರಿ ನೋಡ್ಕೋತ ಹೆಂಗ ಮಾಡಬೇಕು? ತಂಗಡಗಿಯೊಳಗ ನಮ್ಮ ಸಂಬಂಧದ್ದ ಒಂದ ಮನಿ ಐತಿ. ಹೊಳಿ ದಂಡಿ ಹೊಲ, ಹುಡುಗ ಚಲೋ ಅದಾನ. ಈ ಸುದ್ದಿ ಕೇಳಿದ್ರೂ ಒಲ್ಲೆ ಅಂದಿಲ್ಲ. ಕೊಟ್ಟಬಿಡು."

"ಇದಽ ವರ್ಷ ಪರೀಕ್ಷೆ ಐತಿ..." ಎಂದ ಮಾಳಿಂಗಪ್ಪ.

"ಪರೀಕ್ಷೆ ಕಟಗೊಂಡ ಏನ್ ಮಾಡ್ತೀಯೋ? ತಮ್ಮ ಹೋಗ್ಯಾನ!" ಎಂದರು ಹಿರಿಯರಲ್ಲೊಬ್ಬರು.

ಹೇಳಬೇಕಾದದ್ದು ಬಹಳವಿರಲಿಲ್ಲ. ಬ್ಯಾಟ್ರಿ ಇಳಿಸಿದವನು ನಾನು, ಇಳಿ ಅಂದವನೂ ನಾನು. ಮಾತು ನಾಲಿಗೆಯ ತನಕ ಬಂದಿತ್ತು. ಆಗ ಸಾತವ್ವ ಮುಸುಕು ಸರಿಸಿ ಅವನ ಕಡೆ ನೋಡಿದಳು. ಅಳುವಿಲ್ಲ, ಸಿಟ್ಟಿಲ್ಲ, ಮನೆಯ ಹಿರಿಯ ಏನು ಹೇಳುತ್ತಾನೋ ಅದೇ ಸರಿ ಎಂದು ಕಾಯುವ ಮುಖ. ತಾನು ಬಾಯಿ ತೆರೆದ ಮೇಲೆ ಈ ಮುಖ ಏನಾಗುತ್ತದೆ ಎಂದು ಮಾಳಿಂಗಪ್ಪ ನೆನೆದ. ನಾಳೆ ರೊಟ್ಟಿ ಯಾರು ಹಾಕುತ್ತಾರೆ, ಆ ಕೂಸುಗಳು ತನ್ನನ್ನು ಏನೆಂದು ಕರೆಯುತ್ತವೆ ಎಂದು ನೆನೆದ. ಮಗಳ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದನೇನೋ.

"ಏನಂತಿ ಮಾಳಿಂಗಪ್ಪಾ?"

"ಹಿರಿಯರು ಹೇಳಿದಂಗ ಆಗಲಿ."

ಕತ್ತಲಲ್ಲಿ ಕೊಡ ಎತ್ತಿಕೊಂಡ ಸಪ್ಪಳವಾಯಿತು. ಆಮೇಲೆ ಹಿತ್ತಲಲ್ಲಿ ಕೋಳಿಗಳು ಓಡಿ ಬಂದ ಸಪ್ಪಳ. ರೇವವ್ವ ಮೊಳಕೆಕಾಳನ್ನು ಅವಕ್ಕೆ ಸುರಿದಿದ್ದಳು.

ಅವಳು ಸಾಲಿಗೆ ಬರದೆ ಇದ್ದಾಗ ನಜಮಾ ಅಕ್ಕೋರು ನಾಲತವಾಡದಿಂದ ಬಿಸಿಲಲ್ಲಿ ನಡೆದು ಬಂದರು. ಛತ್ರಿ ಮಡಿಸಿ ಕಟ್ಟೆಯ ಮೇಲೆ ಕೂತು, "ಫಾರ್ಮ್ ತುಂಬೂ ಹೊತ್ತು ಐತ್ರಿ. ಪರೀಕ್ಷೆ ಒಂದ ಬರೀಲಿ, ಆಮ್ಯಾಲ ಲಗ್ನ ಮಾಡ್ರಿ. ನಾ ಬಂದ ಉಂಡ ಹೋಗ್ತೇನಿ," ಎಂದರು.

"ಏನ್ ಮಾಡೂದ್ರಿ ಅಕ್ಕೋರ, ಮಂದಿ ಬಿಟ್ಟ ಇರಾಕ ಬರತೈತೇನ್ರಿ."

"ಆಕಿ ತಪ್ಪೇನೈತಿ ಇದರಾಗ? ನಿಮಗ ತೋರಿಸ್ಯಾಳಂತಲ್ಲ?"

ಮಾಳಿಂಗಪ್ಪ ಕೈಯಲ್ಲಿದ್ದ ಹಗ್ಗದ ಹುರಿ ಬಿಚ್ಚಿ ಮತ್ತೆ ಹೊಸೆದ. "ತೋರಿಸ್ಯಾಳ್ರಿ," ಎಂದ. ಅಕ್ಕೋರು ಛತ್ರಿ ಬಿಚ್ಚಿಕೊಂಡು ಹೊರಟರು. ರೇವವ್ವ ಅವರನ್ನು ಊರ ಹೊರಗಿನ ಹಳ್ಳದ ತನಕ ಕಳಿಸಿ ಬಂದಳು. ಬಂದು ಒಲೆಗೆ ಉರಿ ಹಾಕಿದಳು. ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಹಳದಿ ಹಚ್ಚಿದ ದಿನವೂ ಅನ್ನಲಿಲ್ಲ.

ಆ ಚಳಿಗಾಲ ಊರಲ್ಲಿ ಯಾರೇ ಹಗೆ ತೆಗೆದರೂ ಮಾಳಿಂಗಪ್ಪ ಕರೆಯದೆ ಹೋಗಿ ನಿಲ್ಲುತ್ತಿದ್ದ. ಯಾರ ಕೈಯಲ್ಲಾದರೂ ಬ್ಯಾಟ್ರಿ ಕಂಡರೆ ಕಸಿದುಕೊಂಡು, "ಕಂದೀಲನಽ ಬಿಡ್ರಿ," ಎನ್ನುತ್ತಿದ್ದ. ಯಾಕೆ ಎಂದು ಕೇಳಿದರೆ, "ಬಿಡ್ರಿ ಅಂದ್ರ ಬಿಡ್ರಿ," ಎಂದು ರೇಗುತ್ತಿದ್ದ. ತಮ್ಮನ ಸಾವು ಅವನ ತಲೆ ಕೆಡಿಸಿದೆ ಎಂದು ಮಂದಿ ಸುಮ್ಮನಾಗುತ್ತಿದ್ದರು.

ಮಾರ್ಚ್ ತಿಂಗಳಲ್ಲಿ ಮ್ಯಾಟ್ರಿಕ್ ಪರೀಕ್ಷೆ ನಡೆಯಿತು. ರೇವವ್ವ ಆಗ ತಂಗಡಗಿಯಲ್ಲಿ ಗಂಡನ ಮನೆಯಲ್ಲಿದ್ದಳು. ಮಾಳಿಂಗಪ್ಪ ಮಗಳಿಗೆ ಕೊಟ್ಟ ಮಾತು ಮುರಿದ.